ತೋಟದಲ್ಲಿ ಹಾವು ಕಚ್ಚಿದರೆ: ಹೊಸ ಸಂಶೋಧನೆಯಿಂದ ನಮ್ಮ ಕೊಡಗಿಗೆ ಏನು ಸಿಗುತ್ತದೆ?

ನಾಪೋಕ್ಲು ಬೆಳೆಗಾರ

ಹಾವಿನ ವಿಷಕ್ಕೆ ಹೊಸ ಮದ್ದು ಕಂಡುಹಿಡಿದಿದ್ದಾರೆ, ಇನ್ನು ಯಾವ ಹಾವು ಕಚ್ಚಿದರೂ ಒಂದೇ ಇಂಜೆಕ್ಷನ್ ಸಾಕು ಎಂಬ ಸುದ್ದಿ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಈಗ ಮಳೆಗಾಲ. ತೋಟದಲ್ಲಿ ಕಳೆ ಕೊಯ್ಯುವ ಕೆಲಸ, ಗದ್ದೆಯಲ್ಲಿ ನಾಟಿ. ಇಂಥ ಹೊತ್ತಿನಲ್ಲಿ ಅರ್ಧ ಸತ್ಯ ಹರಡಿದರೆ ಜೀವಕ್ಕೇ ತೊಂದರೆ. ಅದಕ್ಕೇ ವಿಷಯ ಇಲ್ಲಿ ಎತ್ತುತ್ತಿದ್ದೇನೆ. ಗೊತ್ತಿರುವವರು ಸೇರಿಸಿ.

ಮೊದಲು ಈಗ ಆಸ್ಪತ್ರೆಯಲ್ಲಿ ಸಿಗುವ ಮದ್ದು. ಎಎಸ್‌ವಿ ಎನ್ನುವ ಈ ಇಂಜೆಕ್ಷನ್ ಬರುವುದು ಕುದುರೆಯ ರಕ್ತದಿಂದ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಡುತ್ತಾರೆ. ಅದರ ಮೈ ವಿಷದ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಅದನ್ನು ಬೇರೆ ಮಾಡಿ ಮದ್ದು ಮಾಡುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ ನಾಲ್ಕು ಹಾವುಗಳ ವಿಷ ಬಳಸುತ್ತಾರೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ವಿಷದ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ ಅದು. ಹಾವು ಹಿಡಿಯುವುದೇ ಕಸುಬಾಗಿದ್ದ ಜನ ಇವತ್ತು ದೇಶದ ಪ್ರಾಣ ಉಳಿಸುವ ಕೆಲಸ ಮಾಡುತ್ತಿದ್ದಾರೆ.

ಈಗ ಹೊಸದು. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು ಸೇರಿ ಒಂದು ಪ್ರತಿಕಾಯದ ಬಗ್ಗೆ ಪ್ರಕಟಿಸಿದರು. ಕುದುರೆಯ ರಕ್ತ ಬೇಡ, ಮನುಷ್ಯರ ಪ್ರತಿಕಾಯವನ್ನೇ ಪ್ರಯೋಗಾಲಯದಲ್ಲಿ ತಯಾರಿಸಿದ್ದಾರೆ. 2025ರ ಜನವರಿಯಲ್ಲಿ ಡೇವಿಡ್ ಬೇಕರ್ ಅವರ ತಂಡ ಕಂಪ್ಯೂಟರ್‌ನಲ್ಲೇ ರೂಪಿಸಿದ ಹೊಸ ಪ್ರೋಟೀನುಗಳು ನಾಗರ ಜಾತಿಯ ವಿಷಾಂಶಗಳನ್ನು ಕಟ್ಟಿಹಾಕಿದವು. 2024ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡವರು ಇವರೇ. ಆಮೇಲೆ 2025ರ ಮೇ ತಿಂಗಳು. ಅಮೆರಿಕದ ಟಿಮ್ ಫ್ರೀಡ್ ಎಂಬವರು ವರ್ಷಗಟ್ಟಲೆ ತಮ್ಮ ಮೈಗೇ ಹಾವಿನ ವಿಷ ಹಾಕಿಕೊಂಡಿದ್ದರು. ಅವರ ರಕ್ತದಿಂದ ತೆಗೆದ ಎರಡು ಪ್ರತಿಕಾಯ, ಜೊತೆಗೆ ವಾರೆಸ್ಪ್ಲಾಡಿಬ್ ಎಂಬ ಔಷಧಿ. ಈ ಮೂರನ್ನೂ ಸೇರಿಸಿ 19 ಹಾವುಗಳ ವಿಷದ ಮೇಲೆ ಪರೀಕ್ಷೆ ಮಾಡಿದರು. 13ರಿಂದ ಪೂರ್ತಿ ರಕ್ಷಣೆ, ಉಳಿದ 6ರಿಂದ ಸ್ವಲ್ಪ ಮಟ್ಟಿಗೆ. ವಾಟ್ಸಾಪ್ ಸುದ್ದಿ ಹುಟ್ಟಿದ್ದು ಇಲ್ಲಿಂದ.

ಆದರೆ ಮೂರೂ ಕೆಲಸ ಆಗಿರುವುದು ಇಲಿಗಳ ಮೇಲೆ. ಮೂರೂ ನಾಗರಹಾವು, ಕಟ್ಟುಹಾವು, ಕಾಳಿಂಗ ಇರುವ ಕುಟುಂಬಕ್ಕೆ ಸೇರಿದ್ದು. ಮಂಡಲದ ಹಾವು ಅದರಲ್ಲಿ ಒಂದೂ ಇಲ್ಲ. ನಮ್ಮ ತೋಟದ ತರಗೆಲೆಯಲ್ಲಿ ಸುತ್ತಿಕೊಂಡು ಮಲಗಿರುವುದು ಯಾವುದು? ಗುಳಿಮಂಡಲ ಅಲ್ವಾ? ಆ ಹೊಸ ಮದ್ದಿನಲ್ಲೂ ಅದಿಲ್ಲ, ಈಗಿರುವ ಹಳೆಯ ಎಎಸ್‌ವಿಯಲ್ಲೂ ಇಲ್ಲ. ನಾಲ್ಕು ಹಾವುಗಳ ಪಟ್ಟಿ ಇನ್ನೊಮ್ಮೆ ನೋಡಿ. ಕೊಡಗಿನವರು ಮಾತಾಡಬೇಕಾದ ವಿಷಯ ಇದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ವಿರಾಜಪೇಟೆ ಸಿಸ್ಟರ್

ಅಣ್ಣ, ಒಳ್ಳೆಯ ವಿಷಯ ಎತ್ತಿದ್ದೀರಿ. ನಾನು ನರ್ಸ್. ಹಾವು ಕಚ್ಚಿದವರನ್ನು ಮಳೆಗಾಲದಲ್ಲಿ ತುಂಬ ನೋಡುತ್ತೇವೆ.

ಮೂತಿ ಸ್ವಲ್ಪ ಮೇಲಕ್ಕೆ ಉಬ್ಬಿದ, ಕಂದು ಬಣ್ಣದ, ಒಂದು ಗೇಣಿಗಿಂತ ಸ್ವಲ್ಪ ಉದ್ದದ ಗುಳಿಮಂಡಲ ಇದೆಯಲ್ಲ, ಅದು ಕಚ್ಚಿದರೆ ಊತ ಬರುತ್ತದೆ ಅಷ್ಟೇ ಅಂತ ಮೊದಲೆಲ್ಲ ತಿಳಿದಿದ್ದರು. 2007ರಲ್ಲಿ ಕೇರಳದ ವೈದ್ಯರು ಸೇರಿ ಒಂದು ವರದಿ ಪ್ರಕಟಿಸಿದರು. ಈ ಹಾವಿನ ಕಡಿತದಿಂದ ರಕ್ತ ಹೆಪ್ಪುಗಟ್ಟದೆ, ಕಿಡ್ನಿ ಕೆಟ್ಟು ಜೀವಕ್ಕೆ ಅಪಾಯ ಆದ ರೋಗಿಗಳ ವರದಿ ಅದು. ಇದನ್ನು ಗರಗಸ ಮಂಡಲ ಅಂತ ತಪ್ಪಾಗಿ ಗುರುತಿಸಿ ಎಎಸ್‌ವಿ ಕೊಡುತ್ತಿದ್ದರು. ಉಪಯೋಗ ಆಗುತ್ತಿರಲಿಲ್ಲ. ಮದ್ದಿನ ಬಾಟಲಿ (ವಯಲ್) ಮೇಲೆ ಬಾಟಲಿ ಹೋಗುತ್ತದೆ, ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಮದ್ದಿನ ರಿಯಾಕ್ಷನ್ ಬೇರೆ.

ಹಸಿರು ಬಣ್ಣದ್ದೋ ಕಂದು ಬಣ್ಣದ್ದೋ ಇರುವ, ಕಾಫಿ ಗಿಡದ ಕೊಂಬೆಯಲ್ಲಿ, ಮೆಣಸಿನ ಬಳ್ಳಿಯಲ್ಲಿ ಸಿಗುವ ಮಲಬಾರ್ ಗುಳಿಮಂಡಲ ಬೇರೆ. ಅದರಿಂದ ಸಾವು ತೀರಾ ಅಪರೂಪ. ಆದರೆ ನೋವು, ಊತ ಜಾಸ್ತಿ.

ಹಾಗಾಗಿ ಯಾವ ಹಾವು ಅಂತ ಗೊತ್ತಾದರೆ ನಮಗೆ ತುಂಬ ಸಹಾಯ. ಹಾಗಂತ ಹಾವನ್ನು ಹೊಡೆದು ಚೀಲದಲ್ಲಿ ತರಬೇಡಿ. ಹೊಡೆಯಲು ಹೋದವರಿಗೂ ಕಚ್ಚಿ ಇಬ್ಬರು ರೋಗಿಗಳಾಗುತ್ತಾರೆ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ದೂರದಿಂದ ಮೊಬೈಲಿನಲ್ಲಿ ಒಂದು ಫೋಟೋ ಸಾಕು. ಅದೂ ಆಗದಿದ್ದರೆ ಬಿಡಿ. ಲಕ್ಷಣ ನೋಡಿ ಚಿಕಿತ್ಸೆ ಶುರು ಮಾಡುತ್ತಾರೆ.

ನಾವು ಮಾಡುವ ಮೊದಲ ಪರೀಕ್ಷೆಗೆ ದೊಡ್ಡ ಯಂತ್ರ ಏನೂ ಬೇಡ. ಎರಡು ಮೂರು ಎಂ.ಎಲ್. ರಕ್ತವನ್ನು ಒಣಗಿದ, ಹೊಸ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತೇವೆ. ಆಮೇಲೆ ಓರೆ ಮಾಡಿ ನೋಡುತ್ತೇವೆ. ರಕ್ತ ಹರಿದರೆ ಮಂಡಲದ ವಿಷ ಏರಿದೆ ಅಂತ ಲೆಕ್ಕ. ಸೋಪಿನಲ್ಲಿ ತೊಳೆದ ಟ್ಯೂಬ್ ಆಗಲ್ಲ, ಪ್ಲಾಸ್ಟಿಕ್ ಆಗಲ್ಲ. ಎರಡರಲ್ಲೂ ಫಲಿತಾಂಶ ತಪ್ಪುತ್ತದೆ. ಸಣ್ಣ ಪಿಎಚ್‌ಸಿಯಲ್ಲೂ ಇದನ್ನು ಮಾಡಬಹುದು.

ಇನ್ನೊಂದು ಮಾತು. ಮಗುವಿಗೆ ಕಡಿಮೆ ಡೋಸ್ ಕೊಡಿ ಅಂತ ತಂದೆ ತಾಯಿ ಕೇಳುತ್ತಾರೆ. ಮಗುವಿಗೂ ದೊಡ್ಡವರಿಗೂ ಒಂದೇ ಡೋಸ್. ಹಾವು ಬಿಟ್ಟ ವಿಷಕ್ಕೆ ಮದ್ದು ಕೊಡುವುದು, ಮೈ ತೂಕಕ್ಕಲ್ಲ.

ಶನಿವಾರಸಂತೆ ಶುಂಠಿ

ಸಿಸ್ಟರ್ ಹೇಳಿದ್ದು ಸರಿ ಇರಬಹುದು. ಆದರೆ ನಮ್ಮ ಊರಿನಲ್ಲಿ ಬೇರು ಅರೆದು ಕೊಡುವ ಒಬ್ಬ ಅಜ್ಜ ಇದ್ದರು. ಎಷ್ಟೋ ಜನ ಅವರ ಮದ್ದಿನಿಂದಲೇ ಬದುಕಿದ್ದಾರೆ. ನಾನು ಕಣ್ಣಾರೆ ನೋಡಿದ್ದೇನೆ. ಆಸ್ಪತ್ರೆಗೆ ಹೋಗಿ ಸತ್ತವರೂ ಇದ್ದಾರೆ. ಇದಕ್ಕೆ ಏನು ಹೇಳುತ್ತೀರಿ?

ನಾಪೋಕ್ಲು ಬೆಳೆಗಾರ

ನೀವು ನೋಡಿದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಅವರು ಬದುಕಿದ್ದು ನಿಜ. ಯಾಕೆ ಬದುಕಿದರು ಅನ್ನುವುದೇ ಪ್ರಶ್ನೆ. ನಮ್ಮ ತೋಟ ಗದ್ದೆಗಳಲ್ಲಿ ಓಡಾಡುವ ಹೆಚ್ಚಿನ ಹಾವುಗಳಿಗೆ ವಿಷವೇ ಇಲ್ಲ. ಕೇರೆ ಹಾವು ಕಚ್ಚಿದವರು ಏನು ಕೊಟ್ಟರೂ ಬದುಕುತ್ತಾರೆ. ವಿಷದ ಹಾವು ಕಚ್ಚಿದಾಗಲೂ ಕೆಲವು ಸಲ ವಿಷ ಒಳಗೆ ಹೋಗಿರುವುದಿಲ್ಲ. ಹಾಗಾಗಿ ಬೇರು ಕೊಟ್ಟವರಿಗೆ ಹೆಸರು ಬರುತ್ತದೆ. ನಿಜವಾಗಿ ವಿಷ ಏರಿದವರು ಮೊದಲು ಅಲ್ಲಿ ಕೂತು, ಹೊತ್ತು ಕಳೆದು, ಕಣ್ಣು ಮುಚ್ಚುವ ಹೊತ್ತಿಗೆ ಆಸ್ಪತ್ರೆಗೆ ಬರುತ್ತಾರೆ. ಅಲ್ಲಿ ತೀರಿಕೊಂಡರೆ ಕೆಟ್ಟ ಹೆಸರು ಆಸ್ಪತ್ರೆಗೆ.

2020ರಲ್ಲಿ ಬಂದ ದೊಡ್ಡ ಅಧ್ಯಯನವೊಂದರ ಲೆಕ್ಕ ಹೀಗಿದೆ: 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೆಚ್ಚಿನವರು ಹಳ್ಳಿಯವರು, ನಮ್ಮಂತೆ ಮಣ್ಣಿನಲ್ಲಿ ಕೆಲಸ ಮಾಡುವವರು. ಅಜ್ಜನ ಮೇಲೆ ಗೌರವ ಇರಲಿ. ಆದರೆ ಮೊದಲು ಗಾಡಿ ಹತ್ತಿಸೋಣ.

ಪೊನ್ನಂಪೇಟೆ ಅಕ್ಕ

ನನ್ನ ಪ್ರಶ್ನೆ ಬೇರೆ. ನಮ್ಮ ಮಾವನಿಗೆ ಬೆರಳಿಗೆ ಹಾವು ಕಚ್ಚಿತು. ಕೈ ಮೊಣಕೈ ಮೇಲಿನವರೆಗೂ ಊದಿಕೊಂಡಿತು. ಜಿಲ್ಲೆಯ ಹೊರಗಿನ ಒಂದು ಆಸ್ಪತ್ರೆಯಲ್ಲಿ ಆ ರಾತ್ರಿಯೇ ಕೈ ಉದ್ದಕ್ಕೆ ಸೀಳಿದರು. ಒತ್ತಡ ಬಿಡಿಸಬೇಕು, ಇಲ್ಲದಿದ್ದರೆ ಕೈ ಹೋಗುತ್ತದೆ ಅಂದರು. ರಕ್ತ ನಿಲ್ಲಲಿಲ್ಲ. ಬಾಟಲಿಗಟ್ಟಲೆ ರಕ್ತ ಕೊಡಬೇಕಾಯಿತು. ಆಮೇಲೆ ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಈಗಲೂ ಮಾವನಿಗೆ ಬೆರಳು ಪೂರ್ತಿ ಮಡಚಲು ಆಗುವುದಿಲ್ಲ, ಕತ್ತಿ ಹಿಡಿಯುವುದು ಕಷ್ಟ. ಅದು ಬೇಕಿತ್ತಾ?

ಸರ್ಜನ್, ಮೂಲ ಸೋಮವಾರಪೇಟೆ

ಅಕ್ಕ, ಮಾವ ಪಟ್ಟ ಕಷ್ಟ ಓದಿ ಬೇಜಾರಾಯಿತು. ಅವರ ಕೇಸ್ ಶೀಟ್ ನೋಡದೆ ಬೇಕಿತ್ತು, ಬೇಡವಾಗಿತ್ತು ಅಂತ ಹೇಳುವುದು ನ್ಯಾಯವಲ್ಲ. ಆದರೆ ಸರ್ಜರಿ ಈ ವಿಷಯದಲ್ಲಿ ಏನು ಕಲಿತಿದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಇದು ಎಲ್ಲರಿಗೂ ಗೊತ್ತಿರಬೇಕು.

ಕೈ ಕಾಲಿನ ಸ್ನಾಯುಗಳ ಸುತ್ತ ಗಟ್ಟಿಯಾದ ಪೊರೆ ಇರುತ್ತದೆ. ಒಳಗೆ ಊತ ಜಾಸ್ತಿಯಾದರೆ ಒತ್ತಡ ಏರಿ ರಕ್ತ ಓಡುವುದು ನಿಲ್ಲಬಹುದು. ಆಗ ಪೊರೆಯನ್ನು ಸೀಳಿ ಒತ್ತಡ ಬಿಡಿಸುತ್ತೇವೆ. ಇದಕ್ಕೆ ಫ್ಯಾಸಿಯಾಟಮಿ ಎನ್ನುತ್ತಾರೆ. ಮೂಳೆ ಮುರಿದು ಹೀಗಾದರೆ ಬೇಗ ಸೀಳುವುದೇ ಸರಿ. ಹಾವಿನ ಕಡಿತದಲ್ಲಿ ಹಾಗಲ್ಲ. ಕೈ ಊದಿ, ಬಿಗಿದು, ಮುಟ್ಟಿದರೆ ಚೀರುವಷ್ಟು ನೋವಿರುತ್ತದೆ. ನೋಡಿದರೆ ಒಳಗೆ ಒತ್ತಡ ಏರಿದೆ ಅಂತಲೇ ಅನಿಸುತ್ತದೆ. ಸೂಜಿ ಹಾಕಿ ಅಳೆದರೆ ಹೆಚ್ಚಿನವರಲ್ಲಿ ಅಷ್ಟು ಒತ್ತಡ ಇರುವುದಿಲ್ಲ. ಊತ ಇರುವುದು ಬಹುತೇಕ ಚರ್ಮದ ಕೆಳಗೆ, ಪೊರೆಯ ಮೇಲೆ.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಸ್ಪಷ್ಟವಾಗಿದೆ. ಮೊದಲು ಎಎಸ್‌ವಿ ಕೊಟ್ಟು ರಕ್ತ ಹೆಪ್ಪುಗಟ್ಟುವ ಹಾಗೆ ಮಾಡಬೇಕು. ಲಕ್ಷಣಗಳಿರಬೇಕು. ಒತ್ತಡ ಅಳೆದು ನೋಡಿರಬೇಕು, ದೊಡ್ಡವರಲ್ಲಿ ಅದು 40 ಮಿ.ಮೀ. ಪಾದರಸ ದಾಟಿರಬೇಕು. ಆಮೇಲೆ ಮಾತ್ರ ಸೀಳುವ ಯೋಚನೆ. ರಕ್ತ ಹೆಪ್ಪುಗಟ್ಟದ ರೋಗಿಯ ಕೈ ಸೀಳಿದರೆ ರಕ್ತಸ್ರಾವ ನಿಲ್ಲಿಸುವುದೇ ದೊಡ್ಡ ಯುದ್ಧ. ಗಾಯ ವಾಸಿಯಾದ ಮೇಲೂ ಬೆರಳು ಬಿಗಿಯುವುದು, ಬಲ ಹೋಗುವುದು ಉಳಿಯಬಹುದು. ಊದಿದ ಕೈಯನ್ನು ಎತ್ತರದಲ್ಲಿಟ್ಟು, ಮತ್ತೆ ಮತ್ತೆ ಸುತ್ತಳತೆ ಗುರುತಿಸಿ, ಕಾದು ನೋಡುವುದೂ ಸರ್ಜನ್ ಕೆಲಸವೇ. ಹೊಸಬರಿಗೆ ನಾನು ಒತ್ತಿ ಹೇಳುವುದು ಇದನ್ನೇ.

ಮನೆಯವರು ಧೈರ್ಯವಾಗಿ ಎರಡು ಪ್ರಶ್ನೆ ಕೇಳಬಹುದು. ರಕ್ತ ಹೆಪ್ಪುಗಟ್ಟುತ್ತಿದೆಯಾ? ಒತ್ತಡ ಅಳೆದಿದ್ದೀರಾ? ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರ ಮಾಡಿಕೊಳ್ಳುವುದಿಲ್ಲ.

ನಾಗರಹಾವಿನ ಕಡಿತದಲ್ಲಿ ಚರ್ಮ, ಮಾಂಸ ಕೊಳೆಯುವುದು ಇನ್ನೊಂದು ಸಮಸ್ಯೆ. ಎಎಸ್‌ವಿ ಜೀವ ಉಳಿಸುತ್ತದೆ, ಕಡಿದ ಜಾಗದ ಹಾನಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಸತ್ತ ಮಾಂಸ ತೆಗೆದು ಚರ್ಮ ಕೂರಿಸುವ ಕೆಲಸ ನಮಗೆ ಬರುತ್ತದೆ. 2024ರ ಜುಲೈಯಲ್ಲಿ ಸಿಡ್ನಿ ಮತ್ತು ಲಿವರ್‌ಪೂಲ್‌ನ ಸಂಶೋಧಕರು ಇದರ ಬಗ್ಗೆ ಒಂದು ಮುಖ್ಯ ಕೆಲಸ ಪ್ರಕಟಿಸಿದರು. ರಕ್ತ ತೆಳುವಾಗಿಸಲು ಬಳಸುವ ಹೆಪಾರಿನ್ ಜಾತಿಯ ಔಷಧಿ, ಆಫ್ರಿಕದ ವಿಷ ಉಗುಳುವ ನಾಗರಹಾವುಗಳ ವಿಷದಿಂದ ಆಗುವ ಗಾಯವನ್ನು ಇಲಿಗಳಲ್ಲಿ ಕಡಿಮೆ ಮಾಡಿತು. ನಮ್ಮ ನಾಗರಹಾವಿಗೂ ಇಂಥದ್ದು ಸಿಕ್ಕಿದರೆ ಎಷ್ಟೋ ಜನರ ಕೈಕಾಲು ಉಳಿಯುತ್ತದೆ. ಈಗಲೇ ಯಾರೂ ಮೆಡಿಕಲ್ ಶಾಪಿನಿಂದ ಹೆಪಾರಿನ್ ತರಬೇಡಿ ದಯವಿಟ್ಟು. ಮಂಡಲ ಕಚ್ಚಿದವರಿಗೆ ಅದು ಅಪಾಯ.

ಪೊನ್ನಂಪೇಟೆ ಅಕ್ಕ

ಡಾಕ್ಟ್ರೇ, ಇಷ್ಟು ತಾಳ್ಮೆಯಿಂದ ಯಾರೂ ನಮಗೆ ಹೇಳಿರಲಿಲ್ಲ. ಒತ್ತಡ ಅಳೆಯುವುದು ಅಂತ ಒಂದು ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಮಾವನಿಗೆ ಓದಿ ಹೇಳುತ್ತೇನೆ.

ಸಿದ್ದಾಪುರ ರೈಟರ್

ನಾನು ತೋಟದಲ್ಲಿ ರೈಟರ್, ಕೆಲಸದವರ ಲೆಕ್ಕ ಬರೆಯುವವನು. ಎಲ್ಲರೂ ಮದ್ದಿನ ಬಗ್ಗೆ ಮಾತಾಡುತ್ತಿದ್ದೀರಿ. ಕಚ್ಚಿಸಿಕೊಳ್ಳುವವರು ಯಾರು? ಕಳೆ ಕೊಯ್ಯುವ ಹೆಂಗಸರು. ಬಗ್ಗಿ ಬಗ್ಗಿ ನೆಲದಿಂದ ಕಾಫಿ ಹೆಕ್ಕುವವರು. ಅಸ್ಸಾಮಿನಿಂದ ಬಂದ ಹುಡುಗರಿಗೆ ಕನ್ನಡ ಬರುವುದಿಲ್ಲ, ಯಾವ ಆಸ್ಪತ್ರೆಗೆ ಹೋಗಬೇಕು ಅಂತಲೂ ಗೊತ್ತಿಲ್ಲ. ಕೆಲಸದವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ನೆಲದ ಮೇಲೆ ಮಲಗುತ್ತಾರೆ.

ಬೂಟ್ ಕೊಡಿ ಅಂದರೆ ಕೆಲವು ಮಾಲೀಕರು ಕೊಡುತ್ತಾರೆ, ಕೆಲವರು ಇಲ್ಲ. ಕೊಟ್ಟರೂ ಹೆಂಗಸರ ಅಳತೆಯದು ಸಿಗುವುದಿಲ್ಲ. ದೊಡ್ಡ ಬೂಟ್ ಹಾಕಿಕೊಂಡು ಇಳಿಜಾರಿನಲ್ಲಿ ನಡೆದರೆ ಜಾರಿ ಬೀಳುತ್ತಾರೆ. ಹಾಕುವುದಿಲ್ಲ ಅಂತ ಅವರನ್ನು ಬೈಯುವುದು ಸರಿಯಲ್ಲ. ಅಳತೆಯ ಬೂಟ್ ತರಿಸಿ. ನಮ್ಮಲ್ಲಿ ತರಿಸಿದ ಮೇಲೆ ಎಲ್ಲರೂ ಹಾಕುತ್ತಿದ್ದಾರೆ. ಜಿಗಣೆ ಕಾಟವೂ ಕಡಿಮೆಯಾಯಿತು.

ವಿರಾಜಪೇಟೆ ಸಿಸ್ಟರ್

ನೆಲದ ಮೇಲೆ ಮಲಗುವ ಮಾತು ಬಂದಿದ್ದು ಒಳ್ಳೆಯದಾಯಿತು. ಕಟ್ಟುಹಾವು ಕಚ್ಚುವುದು ರಾತ್ರಿ, ಮಲಗಿದ್ದಾಗ. ಎಷ್ಟೋ ಸಲ ನೋವೇ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆ ನೋವು ಅಂತ ಏಳುತ್ತಾರೆ. ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಮತ್ತೆ ಮಲಗುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಇಳಿಯುತ್ತದೆ, ಉಗುಳು ನುಂಗಲು ಆಗುವುದಿಲ್ಲ, ಉಸಿರು ನಿಲ್ಲುತ್ತದೆ. ನೆಲದ ಮೇಲೆ ಮಲಗಿದವರಿಗೆ ಬೆಳಗ್ಗೆ ಹೊಟ್ಟೆ ನೋವಿನ ಜೊತೆ ರೆಪ್ಪೆ ಭಾರ ಆದರೆ ಹಾವು ಅಂತಲೇ ತಿಳಿದು ಕರೆತನ್ನಿ. ದಾರಿಯಲ್ಲಿ ಉಸಿರು ಕಡಿಮೆಯಾದರೆ ಕೈಯಿಂದ ಒತ್ತುವ ಬ್ಯಾಗಿನಲ್ಲಿ ಉಸಿರು ಕೊಟ್ಟುಕೊಂಡೇ ಬರಬಹುದು. 108ರವರ ಬಳಿ ಅದಿರುತ್ತದೆ. ಸೊಳ್ಳೆ ಪರದೆ ಕಟ್ಟಿ, ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿ ಮಲಗಿದರೆ ಈ ಕಡಿತ ಕಡಿಮೆ ಅಂತ ನೇಪಾಳದ ಅಧ್ಯಯನದಲ್ಲಿ ಕಂಡಿದೆ.

ಪೊನ್ನಂಪೇಟೆ ಫಾರೆಸ್ಟ್ರಿ ವಿದ್ಯಾರ್ಥಿ

ಕೃಷಿಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಕಾಫಿ ಗಿಡದ ಬುಡಕ್ಕೆ ತರಗೆಲೆ ಮುಚ್ಚಿಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಬೇಸಿಗೆಯಲ್ಲಿ ತೇವ ಉಳಿಯುತ್ತದೆ, ಮಳೆಯಲ್ಲಿ ಮಣ್ಣು ಕೊಚ್ಚಿಹೋಗುವುದಿಲ್ಲ. ಸರಿಯಾದ ಸಲಹೆಯೇ. ಆದರೆ ಉಬ್ಬುಮೂತಿಯ ಗುಳಿಮಂಡಲ ಮಲಗುವುದೂ ಅದೇ ತರಗೆಲೆಯಲ್ಲಿ. ಬಣ್ಣವೂ ಒಣಗಿದ ಎಲೆಯದೇ. ಹಾಗಂತ ಮುಚ್ಚಿಗೆ ತೆಗೆದು ಮಣ್ಣು ಹಾಳು ಮಾಡಬೇಕಾಗಿಲ್ಲ. ನಡೆಯುವ ದಾರಿ, ಲೈನ್ ಮನೆಯ ಸುತ್ತ, ಕಣದ ಅಂಚು ಚೊಕ್ಕಟ ಇರಲಿ. ಬುಡಕ್ಕೆ ಕೈ ಹಾಕುವ ಮೊದಲು ಉದ್ದದ ಕೋಲಿನಿಂದ ಎಲೆ ಸರಿಸಲಿ. ಕತ್ತಿ ಬೀಸುವ ಕೈಗಿಂತ ಹುಲ್ಲು ಹಿಡಿಯುವ ಎಡಗೈಗೆ ಅಪಾಯ ಜಾಸ್ತಿ. ಕೊಕ್ಕೆ ಕೋಲಿನಿಂದ ಹುಲ್ಲು ಎಳೆದು ಕೊಯ್ಯುವವರನ್ನು ನೋಡಿದ್ದೇನೆ. ಆ ಅಭ್ಯಾಸ ಎಲ್ಲ ತೋಟಕ್ಕೂ ಬರಬೇಕು.

ಇಲಿ ಇದ್ದಲ್ಲಿ ಹಾವು ಬರುತ್ತದೆ. ಭತ್ತದ ಗೋದಾಮು, ಕೋಳಿಗೂಡಿನ ಚೆಲ್ಲಿದ ಕಾಳು, ಮನೆಗೆ ತಾಗಿ ಒಟ್ಟಿದ ಸೌದೆ, ಇವೆಲ್ಲ ಇಲಿಗೆ ಹಬ್ಬ.

ಮೇಲೆ ಹೇಳಿದ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು 2025ರ ಏಪ್ರಿಲ್‌ನಲ್ಲಿ ಇನ್ನೊಂದು ಪ್ರಕಟಿಸಿದ್ದಾರೆ. ದೇಶದ 34 ಜಾಗಗಳಿಂದ 115 ಕೊಳಕುಮಂಡಲಗಳ ವಿಷ ಪರೀಕ್ಷಿಸಿ, ಅಲ್ಲಿನ ಮಳೆ, ಬಿಸಿಲಿನ ಲೆಕ್ಕದೊಂದಿಗೆ ಹೋಲಿಸಿದ್ದಾರೆ. ಒಣ ಪ್ರದೇಶದ ಹಾವುಗಳ ವಿಷದಲ್ಲಿ ಪ್ರೋಟೀನು ಕರಗಿಸುವ ಅಂಶ ಜಾಸ್ತಿ ಕಂಡಿದೆ. ಅಂದರೆ ಒಂದೇ ಜಾತಿಯ ಹಾವಾದರೂ ಊರಿಗೊಂದು ವಿಷ. ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಮದ್ದು ಎಲ್ಲ ಕಡೆ ಒಂದೇ ಥರ ಕೆಲಸ ಮಾಡುತ್ತದೆ ಅಂತ ಹೇಳಲಾಗದು. ಕುಶಾಲನಗರದ ಒಣ ಸೀಮೆ ಮತ್ತು ಭಾಗಮಂಡಲದ ಮಳೆ, ಎರಡೂ ಇರುವ ನಮ್ಮ ಜಿಲ್ಲೆಯವರು ಇದನ್ನು ಗಮನಿಸಬೇಕು.

ಕುಶಾಲನಗರ ಓದುಗ

ಎಲ್ಲ ಓದಿದೆ. ಹಾಗಾದರೆ ಈ ಹೊಸ ಸಂಶೋಧನೆಯಿಂದ ನಮಗೆ ಏನೂ ಉಪಯೋಗ ಇಲ್ಲ ಅಂತಾಯಿತಲ್ಲ? ಸುಮ್ನೆ ಇಲಿಗಳ ಮೇಲೆ ಪ್ರಯೋಗ ಮಾಡುತ್ತಾ ಕೂತರೆ ರೈತನಿಗೆ ಏನು ಬಂತು?

ನಾಪೋಕ್ಲು ಬೆಳೆಗಾರ

ಉಪಯೋಗ ಇಲ್ಲ ಅಂತ ನಾನು ಖಂಡಿತ ಒಪ್ಪುವುದಿಲ್ಲ. ನನಗೆ ಅತಿ ಹೆಚ್ಚು ಭರವಸೆ ಇರುವುದು ಮಾತ್ರೆಯ ಮೇಲೆ. ಮೇಲೆ ಹೇಳಿದ ವಾರೆಸ್ಪ್ಲಾಡಿಬ್ ಮೊದಲು ಹೃದ್ರೋಗಕ್ಕೆ ಅಂತ ಮಾಡಿದ್ದು. ಅಲ್ಲಿ ಸೋತಿತು. ಹಾವಿನ ವಿಷದಲ್ಲಿರುವ ಒಂದು ಮುಖ್ಯ ಅಂಶವನ್ನು ಅದು ತಡೆಯುತ್ತದೆ ಅಂತ 2016ರಲ್ಲಿ ಗೊತ್ತಾಯಿತು. ಆ ಅಂಶ ನಾಗರಹಾವಿನ ಕುಟುಂಬದಲ್ಲೂ ಇದೆ, ಮಂಡಲದಲ್ಲೂ ಇದೆ. ಇದನ್ನು ಮನುಷ್ಯರ ಮೇಲೂ ಪರೀಕ್ಷೆ ಮಾಡಿದ್ದಾರೆ, ಭಾರತ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ, ಎಎಸ್‌ವಿ ಜೊತೆಗೇ ಕೊಟ್ಟು. 2024ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೋಡಿದರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕಚ್ಚಿದ 5 ಗಂಟೆಯೊಳಗೆ ಮಾತ್ರೆ ಸಿಕ್ಕವರಲ್ಲಿ ಮಾತ್ರ ಒಳ್ಳೆಯ ಸೂಚನೆ ಇತ್ತು. ಪರೀಕ್ಷೆಗೆ ಒಳಗಾದವರು ನೂರಕ್ಕೂ ಕಡಿಮೆ ಜನ. ಇನ್ನೂ ದೊಡ್ಡ ಪರೀಕ್ಷೆ ಬೇಕು. ಕೆನ್ಯಾದಲ್ಲಿ ಯುನಿಥಿಯಾಲ್ ಎಂಬ ಇನ್ನೊಂದು ಮದ್ದನ್ನು ಆರೋಗ್ಯವಂತರಿಗೆ ಕೊಟ್ಟು ಸುರಕ್ಷಿತವೇ ಅಂತ ನೋಡಿದ್ದಾರೆ. ಇಂಥ ಮಾತ್ರೆ ಬಂದರೆ ಬಿರುನಾಣಿಯಲ್ಲೋ ಕುಟ್ಟದಲ್ಲೋ ಕಚ್ಚಿದ ತಕ್ಷಣ ತೋಟದಲ್ಲೇ ನುಂಗಿಸಿ ಗಾಡಿ ಹತ್ತಿಸಬಹುದು. ಅದಕ್ಕಾಗಿ ಕಾಯುವುದರಲ್ಲಿ ಅರ್ಥ ಇದೆ.

ಆದರೆ ನನ್ನನ್ನು ತುಂಬ ತಟ್ಟಿದ ಸಂಶೋಧನೆಯಲ್ಲಿ ಹೊಸ ಮದ್ದೇ ಇಲ್ಲ. ನೇಪಾಳದಲ್ಲಿ ನಡೆದದ್ದು, 2013ರಲ್ಲಿ ಪ್ರಕಟವಾಯಿತು. ಹಳ್ಳಿಯ ಸ್ವಯಂಸೇವಕರು ಹಾವು ಕಚ್ಚಿದವರನ್ನು ಬೈಕಿನಲ್ಲಿ, ಇಬ್ಬರ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದರು. ಜೊತೆಗೆ ಊರಿನಲ್ಲಿ ತಿಳಿವಳಿಕೆ ಕೊಟ್ಟರು. ಹಾವು ಕಚ್ಚಿದವರಲ್ಲಿ ಸಾವು ನೂರಕ್ಕೆ 10.5 ಇದ್ದದ್ದು 0.5ಕ್ಕೆ ಇಳಿಯಿತು. ಅದೇ ಎಎಸ್‌ವಿ, ಅದೇ ಆಸ್ಪತ್ರೆ. ಬದಲಾದದ್ದು ಹೊತ್ತು, ತಿಳಿವಳಿಕೆ ಮಾತ್ರ. ನಮ್ಮಲ್ಲಿ ಪ್ರತಿ ತೋಟದಲ್ಲೂ ಜೀಪೋ ಪಿಕಪ್ಪೋ ಬೈಕೋ ಇದೆ. ರಾತ್ರಿ ಕೀಲಿಕೈ ಯಾರ ಬಳಿ ಇರುತ್ತದೆ ಎಂಬುದು ಲೈನ್ ಮನೆಯವರಿಗೆ ಗೊತ್ತಿದೆಯಾ?

ಸಿದ್ದಾಪುರ ರೈಟರ್

ಒಳ್ಳೆಯ ಪ್ರಶ್ನೆ ಅಣ್ಣ. ಹೆಚ್ಚಿನ ಕಡೆ ಗೊತ್ತಿಲ್ಲ. ಗಾಡಿಯಲ್ಲಿ ಒಯ್ಯುವಾಗ ಏನು ಮಾಡಬೇಕು, ಏನು ಮಾಡಬಾರದು, ಸಿಸ್ಟರ್ ಒಂದೇ ಕಡೆ ಬರೆದರೆ ಹಿಂದಿಗೆ ಮಾಡಿಸಿ ಲೈನಿನಲ್ಲಿ ಅಂಟಿಸುತ್ತೇನೆ.

ವಿರಾಜಪೇಟೆ ಸಿಸ್ಟರ್

ಬರೆದುಕೊಳ್ಳಿ. ಕಚ್ಚಿದವರನ್ನು ನಡೆಸಬೇಡಿ, ಓಡಿಸಬೇಡಿ. ಕಚ್ಚಿದ ಕೈ ಅಥವಾ ಕಾಲಿಗೆ ಒಂದು ಕೋಲೋ ರಟ್ಟೋ ಇಟ್ಟು, ಮೂಳೆ ಮುರಿದವರಿಗೆ ಮಾಡುವ ಹಾಗೆ ಸಡಿಲವಾಗಿ ಬಟ್ಟೆ ಸುತ್ತಿ, ಅಲುಗದಂತೆ ಇರಿಸಿ. ಹಗ್ಗ ಬಿಗಿಯಬೇಡಿ. ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಐಸ್ ಇಡಬೇಡಿ. ಊತ ಬರುವ ಮೊದಲೇ ಬಳೆ, ಉಂಗುರ, ಕಾಲುಂಗುರ, ವಾಚು ತೆಗೆಯಿರಿ. ಹೆಂಗಸರು ಕಾಲುಂಗುರ ತೆಗೆಯಲು ಹಿಂಜರಿಯುತ್ತಾರೆ. ಊದಿದ ಮೇಲೆ ಅದನ್ನು ಕತ್ತರಿಸಬೇಕಾಗುತ್ತದೆ, ಬೆರಳಿಗೇ ಅಪಾಯ ಅಂತ ಹೇಳಿ. ಯಾರಾದರೂ ಮೊದಲೇ ಹಗ್ಗ ಬಿಗಿದಿದ್ದರೆ ದಾರಿಯಲ್ಲಿ ತಟ್ಟನೆ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ನಾವು ನೋಡಿಕೊಂಡು ಬಿಚ್ಚುತ್ತೇವೆ. ಕಚ್ಚಿದ ಹೊತ್ತು ಬರೆದಿಡಿ. ಏನೂ ಲಕ್ಷಣ ಇಲ್ಲದಿದ್ದರೂ 24 ಗಂಟೆ ಆಸ್ಪತ್ರೆಯಲ್ಲಿ ಉಳಿಯಬೇಕು. ಸುಳ್ಳು ಧೈರ್ಯದಿಂದ ಬೇಗ ಮನೆಗೆ ಹೋಗಬೇಡಿ. ಗುಳಿಮಂಡಲ ಅಂತ ಅನುಮಾನ ಇದ್ದರೆ ಮೂತ್ರ ಎಷ್ಟು ಹೋಗುತ್ತಿದೆ ಅಂತ ಮುಂದಿನ ದಿನಗಳಲ್ಲೂ ಗಮನಿಸಿ. ಕಡಿಮೆಯಾದರೆ ಡಯಾಲಿಸಿಸ್ ಇರುವ ಆಸ್ಪತ್ರೆಗೆ ತಡಮಾಡದೆ ಹೋಗಬೇಕು.

ನಾಪೋಕ್ಲು ಬೆಳೆಗಾರ

ಕೊನೆಯದಾಗಿ ಒಂದು ಕೆಲಸ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ಲೆಕ್ಕ ಕೊಡಬೇಕು. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರದವರು 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ಯೋಜನೆ ತಂದಿದ್ದಾರೆ. ಗುಳಿಮಂಡಲದ ಕಡಿತ ಇಲ್ಲಿ ಎಷ್ಟು ಆಗುತ್ತಿದೆ ಎಂಬುದು ಲೆಕ್ಕದಲ್ಲಿ ಬಂದರೆ ಮಾತ್ರ ಅದಕ್ಕೆ ಮದ್ದು ಮಾಡಿ ಅಂತ ಯಾರನ್ನಾದರೂ ಕೇಳಲು ಸಾಧ್ಯ. ಆದ್ದರಿಂದ ಬಿಲ್ ಕಟ್ಟಿ ಬರುವಾಗ ಹಾವಿನ ಫೋಟೋ ತೋರಿಸಿ, ಹೆಸರು ಕೇಸ್ ಶೀಟ್‌ನಲ್ಲಿ ಬರೆಸಿ.

ನಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ನಾನು ಕೇಳುವುದು ಮೂರು: ಹತ್ತಿರದ ಪಿಎಚ್‌ಸಿಯಲ್ಲಿ ಎಎಸ್‌ವಿ ಎಷ್ಟು ವಯಲ್ ಇದೆ, ರಾತ್ರಿ ಕೊಡುವವರು ಯಾರು, ಗಾಜಿನ ಟ್ಯೂಬ್ ಇದೆಯಾ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ. ಬೇರೆ ಊರಿನವರೂ ನಿಮ್ಮ ನಿಮ್ಮ ಕಡೆಯದು ಕೇಳಿ ಇದರ ಕೆಳಗೇ ಬರೆಯಿರಿ.

ಶನಿವಾರಸಂತೆ ಶುಂಠಿ

ನಮ್ಮ ಕಡೆಯದು ನಾನು ಕೇಳುತ್ತೇನೆ. ಬೈಕ್ ಇರುವ ಹುಡುಗರ ನಂಬರನ್ನೂ ಸೊಸೈಟಿ ಬೋರ್ಡಿನಲ್ಲಿ ಬರೆಸುತ್ತೇನೆ.